ಅಂಗಳಕ್ಕೆ ನಾಯಿಮರಿ ಬಂದಾಗ

ಅಡಿಕೆ ತೋಟಕ್ಕೆ ಹಗಲು ಮಂಗಗಳ ಕಾಟ, ರಾತ್ರಿ ಹಂದಿಗಳ ಕಾಟ. ಕತ್ತಲಾದರೆ ಆಡಿನ ಹಟ್ಟಿಯ ಸುತ್ತ ಏನೋ ಒಂದು ಸದ್ದು. ಕೊನೆಗೊಂದು ದಿನ ಮನೆಯ ಯಜಮಾನರು ರಟ್ಟಿನ ಪೆಟ್ಟಿಗೆಯಲ್ಲಿ ನಾಯಿಮರಿಯೊಂದನ್ನು ತಂದು ಅಂಗಳದಲ್ಲಿ ಇಳಿಸುತ್ತಾರೆ. ಮಕ್ಕಳಿಗೆ ಅಂದು ಪೆರ್ನಾಳಿನ ಸಂಭ್ರಮ. ಮನೆಯ ಹೆಂಗಸರಿಗೆ ಮಾತ್ರ ತಲೆನೋವು. ನಮಾಝಿನ ಬಟ್ಟೆ ಒಣಗುವ ಹಗ್ಗ ಅಲ್ಲೇ ಇದೆ, ವುಝೂ ಮಾಡುವ ಬಕೆಟ್ ಅಲ್ಲೇ ಇದೆ, ರಾತ್ರಿಯಿಡೀ ಮರಿಯ ಗೋಳು ಬೇರೆ.

ನಾಯಿ ಸಾಕಬೇಕೇ ಬೇಡವೇ ಎಂದು ವಾದಿಸಲು ಈ ಬರಹವಲ್ಲ. ಬೇಟೆಗೆ, ಜಾನುವಾರು ಕಾಯಲು, ಹೊಲ ತೋಟ ಕಾಯಲು ನಾಯಿ ಇಟ್ಟುಕೊಳ್ಳಲು ಅನುಮತಿ ಇದೆಯೆಂದೂ, ಇಂಥ ಕಾರಣವಿಲ್ಲದೆ ಇಟ್ಟುಕೊಂಡರೆ ಕರ್ಮಫಲದಲ್ಲಿ ದಿನವೂ ಕಡಿತವಾಗುತ್ತದೆಂದೂ ಬುಖಾರಿ, ಮುಸ್ಲಿಮ್ ಎರಡರಲ್ಲೂ ವರದಿಯಾದ ಹದೀಸ್‌ಗಳು ಹೇಳುತ್ತವೆ. ಹಾಗೆಯೇ ನಾಯಿ ಇರುವ ಮನೆಯೊಳಗೆ ಮಲಕ್‌ಗಳು ಬರುವುದಿಲ್ಲ ಎಂಬ ಹದೀಸನ್ನೂ ನೀವು ಕೇಳಿರುತ್ತೀರಿ. ಆದ್ದರಿಂದ ನಮ್ಮ ಕಡೆ ತೋಟದ ನಾಯಿ ಅಂಗಳದಾಚೆ, ಹಟ್ಟಿಯ ಬಳಿ ಇರುತ್ತದೆ, ಮಲಗುವ ಕೋಣೆಯಲ್ಲಲ್ಲ. ಆದರೆ ಬಾಯಾರಿದ ನಾಯಿಗೆ ಬಾವಿಯ ನೀರೆತ್ತಿ ಕುಡಿಸಿದವರ ಪಾಪ ಮನ್ನಿಸಲ್ಪಟ್ಟ ವೃತ್ತಾಂತವೂ ಅದೇ ಬುಖಾರಿಯಲ್ಲಿದೆ. ಕಾವಲಿಗೆಂದು ತಂದ ಮೇಲೆ ಅದರ ಅನ್ನ, ನೀರು, ನೆರಳು, ಔಷಧಿ ಎಲ್ಲವೂ ನಿಮ್ಮ ಜವಾಬ್ದಾರಿ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ನಾಯಿಮರಿ ಬಂದ ಮನೆಗಳಲ್ಲಿ ಅತಿ ದೊಡ್ಡ ಅಪಾಯ ನಜಸ್ ಅಲ್ಲ, ಮಗುವಿನ ಮೌನ.

ಮಗು ಮುಚ್ಚಿಡುವ ಗೀರು

ಹೀಗೆ ಊಹಿಸಿಕೊಳ್ಳಿ. ಏಳು ವರ್ಷದ ಹುಡುಗ ಮದ್ರಸದಿಂದ ಬಂದವನೇ ಯಾರೂ ನೋಡದಾಗ ಹಟ್ಟಿಯ ಹಿಂದೆ ಮರಿಯೊಂದಿಗೆ ಆಡುತ್ತಾನೆ. ಮರಿಯ ಹಲ್ಲು ಸೂಜಿಯಂತೆ. ಬೆರಳಿಗೆ ತಾಗಿ ಒಂದು ಹನಿ ರಕ್ತ ಬರುತ್ತದೆ. ಉಮ್ಮನಿಗೆ ಹೇಳಿದರೆ ಏನಾಗುತ್ತದೆಂದು ಅವನಿಗೆ ಗೊತ್ತು: ನಾಯಿ ಮುಟ್ಟಿದ್ದಕ್ಕೆ ಬೈಗುಳ, ಏಳು ಸಲ ತೊಳೆಯುವ ಶಿಕ್ಷೆ, ಸಂಜೆ ಬಾಪ ಬಂದ ಮೇಲೆ ಇನ್ನೊಂದು ಸುತ್ತು. ಹಾಗಾಗಿ “ಏನಾಯಿತು?” ಎಂದು ಕೇಳಿದರೆ “ಮುಳ್ಳು ಗೀರಿತು ಉಮ್ಮಾ” ಎನ್ನುತ್ತಾನೆ. ಎರಡು ದಿನದಲ್ಲಿ ಗಾಯ ಮಾಯುತ್ತದೆ. ಎಲ್ಲರೂ ಮರೆಯುತ್ತಾರೆ.

ಆ ಮರಿಗೆ ಹುಚ್ಚುನಾಯಿ ರೋಗ, ಅಂದರೆ ರೇಬೀಸ್ ಇದ್ದಿದ್ದರೆ? ರೋಗಾಣು ಗಾಯದಿಂದ ನರಗಳ ಮೂಲಕ ನಿಧಾನವಾಗಿ ಮೆದುಳಿನತ್ತ ಸಾಗುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಏನೂ ಕಾಣಿಸುವುದಿಲ್ಲ. ಕೆಲವೊಮ್ಮೆ ವಾರದೊಳಗೇ, ಅಪರೂಪಕ್ಕೆ ವರ್ಷ ಕಳೆದ ಮೇಲೆ ಲಕ್ಷಣ ಕಾಣಿಸುವುದೂ ಉಂಟು. ಜ್ವರ, ಕಚ್ಚಿದ ಜಾಗದಲ್ಲಿ ಉರಿ ಅಥವಾ ಜೋಮು, ನೀರು ಕಂಡರೆ ಗಂಟಲು ಬಿಗಿಯುವುದು ಇವು ಶುರುವಾದರೆ ಮತ್ತೆ ಬದುಕಿಸುವ ಔಷಧಿ ಇಂದಿಗೂ ಇಲ್ಲ ಎನ್ನಬೇಕು. ಆದರೆ ಲಕ್ಷಣ ಬರುವ ಮೊದಲು ಸರಿಯಾಗಿ ಚುಚ್ಚುಮದ್ದು ತೆಗೆದುಕೊಂಡರೆ ಇದನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತಡೆಯಬಹುದು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಈ ರೋಗಕ್ಕೆ ಬಲಿಯಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ನೂರಕ್ಕೆ ನಲವತ್ತರಷ್ಟು 15 ವರ್ಷದೊಳಗಿನ ಮಕ್ಕಳು. ಮಕ್ಕಳ ಪಾಲು ಇಷ್ಟು ಹೆಚ್ಚಾಗಲು ಒಂದು ಕಾರಣ, ಮಕ್ಕಳು ಹೇಳುವುದಿಲ್ಲ.

“ಅದು ಮರಿ ತಾನೇ, ಮರಿಗೆಲ್ಲಿಯ ಹುಚ್ಚು?” ಎನ್ನುವವರು ಬಹಳ. ಇದು ಅಪಾಯಕಾರಿ ನಂಬಿಕೆ. ಮರಿಯ ತಾಯಿ ಯಾವ ಬೀದಿಯದೋ, ಅದಕ್ಕೆ ಲಸಿಕೆ ಆಗಿತ್ತೋ ಇಲ್ಲವೋ, ಮರಿಯನ್ನು ಮೊದಲೇ ಯಾವ ನಾಯಿ ಕಚ್ಚಿತ್ತೋ ನಿಮಗೆ ತಿಳಿದಿರುವುದಿಲ್ಲ. ಮರಿಗೆ ರೇಬೀಸ್ ಲಸಿಕೆ ಹಾಕುವುದೇ ಮೂರು ತಿಂಗಳು ತುಂಬಿದ ಮೇಲೆ. ಅಂದರೆ ಅತಿ ಹೆಚ್ಚು ಕಚ್ಚಾಡುವ ವಯಸ್ಸಿನಲ್ಲಿ ಅದಕ್ಕೆ ರಕ್ಷಣೆಯೇ ಇರುವುದಿಲ್ಲ.

ಹಾಗಾಗಿ ಮರಿ ಮನೆಗೆ ಬಂದ ದಿನವೇ ಮಕ್ಕಳನ್ನೆಲ್ಲ ಕೂರಿಸಿ ಒಂದು ಮಾತು ಕೊಡಿ: ಮರಿ ಕಚ್ಚಿದರೆ, ಗೀರಿದರೆ, ಗಾಯವಿದ್ದ ಕಡೆ ನೆಕ್ಕಿದರೆ ಆ ಕ್ಷಣವೇ ಬಂದು ಹೇಳಬೇಕು, ಹೇಳಿದವರಿಗೆ ಬೈಗುಳವಿಲ್ಲ, ಏಟಿಲ್ಲ. ಮತ್ತೆ ಆ ಮಾತಿಗೆ ತಪ್ಪಬೇಡಿ. ಒಮ್ಮೆ ಬೈದರೆ ಮುಂದಿನ ಸಲ ಮಗು ಬಾಯಿ ಬಿಡುವುದಿಲ್ಲ. ನಜಸ್ ಬಗ್ಗೆ ಹೇಳಿಕೊಡುವುದು ಬೇರೆ, ಹೆದರಿಸುವುದು ಬೇರೆ. ಎಷ್ಟೋ ಮನೆಗಳಲ್ಲಿ ನಾವು ಎರಡನೆಯದನ್ನೇ ಮಾಡುತ್ತಿದ್ದೇವೆ.

ಕಚ್ಚಿದಾಗ ಮಣ್ಣಲ್ಲ, ಸಾಬೂನು

ನಾಯಿ ಬಾಯಿ ಹಾಕಿದ ಪಾತ್ರೆಯನ್ನು ಏಳು ಸಲ, ಒಂದು ಸಲ ಮಣ್ಣು ಸೇರಿಸಿ ತೊಳೆಯಬೇಕೆಂಬ ಹದೀಸ್ ಎಲ್ಲರಿಗೂ ಗೊತ್ತು. ಅದನ್ನೇ ನೆನೆದು ಕಚ್ಚಿದ ಗಾಯಕ್ಕೂ ಮಣ್ಣು ಉಜ್ಜುವವರಿದ್ದಾರೆ. ದಯವಿಟ್ಟು ಬೇಡ. ತೆರೆದ ಗಾಯಕ್ಕೆ ಮಣ್ಣು ಸೇರಿದರೆ ಧನುರ್ವಾಯುವಿನ ರೋಗಾಣು ಒಳಹೋಗಬಹುದು, ಗಾಯ ಕೀವಾಗಬಹುದು. ನೀರು ತಾಗಿದರೆ ಹಾನಿಯಾಗುವ ರೋಗಿಗೆ ವುಝೂ ಬದಲು ತಯಮ್ಮುಮ್‌ಗೆ ಅವಕಾಶ ಕೊಟ್ಟ ಶರೀಅತ್ ನಮ್ಮದು. ಶುದ್ಧಿಯ ವಿಧಿ ಹೇಗೆಂಬುದನ್ನು ಚಿಕಿತ್ಸೆ ಆದ ಮೇಲೆ ಉಸ್ತಾದರನ್ನು ಕೇಳಿ ತಿಳಿದುಕೊಳ್ಳಲು ಸಮಯವಿದೆ. ರೇಬೀಸ್ ರೋಗಾಣು ಅಷ್ಟು ಸಮಯ ಕೊಡುವುದಿಲ್ಲ.

ಮಾಡಬೇಕಾದುದು ಇಷ್ಟು. ನಲ್ಲಿ ಅಥವಾ ತಂಬಿಗೆಯಿಂದ ನೀರು ಹರಿಯುತ್ತಿರುವಂತೆಯೇ ಸಾಬೂನು ಹಚ್ಚಿ ಪೂರ್ತಿ 15 ನಿಮಿಷ ಗಾಯ ತೊಳೆಯಿರಿ. ಗಡಿಯಾರ ನೋಡಿಯೇ ತೊಳೆಯಿರಿ, ಏಕೆಂದರೆ 15 ನಿಮಿಷ ನಾವು ಅಂದುಕೊಂಡದ್ದಕ್ಕಿಂತ ಬಹಳ ಉದ್ದ. ಈ ರೋಗಾಣುವಿನ ಹೊರಕವಚ ಕೊಬ್ಬಿನದು, ಸಾಬೂನು ಅದನ್ನು ಒಡೆಯುತ್ತದೆ. ನಂತರ ಪೊವಿಡೋನ್ ಅಯೋಡಿನ್‌ನಂಥ ಔಷಧಿ ಇದ್ದರೆ ಹಚ್ಚಬಹುದು. ಸುಣ್ಣ, ಅರಿಶಿನ, ಮೆಣಸಿನಪುಡಿ, ಕಾಫಿಪುಡಿ ಯಾವುದೂ ಬೇಡ. ಬಿಗಿಯಾಗಿ ಬಟ್ಟೆ ಕಟ್ಟಬೇಡಿ. ನೇರ ಆಸ್ಪತ್ರೆಗೆ ಹೋಗಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬೀಸ್ ಲಸಿಕೆ ಉಚಿತ. ಹೊಕ್ಕುಳಿನ ಸುತ್ತ ಹದಿನಾಲ್ಕು ಸೂಜಿ ಎಂಬ ಹಳೆಯ ಭಯ ಈಗ ಬೇಡ, ಆ ಪದ್ಧತಿ ಎಂದೋ ಹೋಯಿತು. ಚರ್ಮದೊಳಗೆ ಕೊಡುವ ವಿಧಾನದಲ್ಲಿ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ ಕೊಡುತ್ತಾರೆ. ಸ್ನಾಯುವಿಗೆ ಕೊಡುವುದಾದರೆ ಮೊದಲ ದಿನ, ನಂತರ 3, 7, 14, 28ನೇ ದಿನ. ಮೊದಲ ಎರಡು ಸೂಜಿ ಆದ ಮೇಲೆ “ಸಾಕು, ಏನೂ ಆಗಿಲ್ಲವಲ್ಲ” ಎಂದು ನಿಲ್ಲಿಸುವುದು ನಮ್ಮಲ್ಲಿ ಸಾಮಾನ್ಯ. ಹಾಗೆ ನಿಲ್ಲಿಸಬೇಡಿ. ರಕ್ತ ಬರದ ಸಣ್ಣ ಗೀರಾದರೂ ಲಸಿಕೆ ಬೇಕು. ರಕ್ತ ಬಂದಿದ್ದರೆ, ಅಥವಾ ಗಾಯವನ್ನು, ಕಣ್ಣು ಬಾಯಿಯನ್ನು ನೆಕ್ಕಿದ್ದರೆ ಲಸಿಕೆಯ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಇನ್ನೊಂದು ಔಷಧಿಯನ್ನು ಗಾಯದೊಳಗೇ ಕೊಡಬೇಕಾಗುತ್ತದೆ. ಅದು ಎಲ್ಲ ಸಣ್ಣ ಆಸ್ಪತ್ರೆಗಳಲ್ಲಿ ಸಿಗದೇ ಇರಬಹುದು, ಇಲ್ಲವೆಂದರೆ ಎಲ್ಲಿದೆಯೆಂದು ಕೇಳಿ ಅಲ್ಲಿಗೆ ಹೋಗಲೇಬೇಕು. ಧನುರ್ವಾಯುವಿನ ಸೂಜಿಯೊಂದನ್ನೇ ಹಾಕಿಸಿ ಮನೆಗೆ ಬಂದರೆ ರೇಬೀಸ್‌ಗೆ ಏನೂ ಮಾಡಿದಂತಾಗಲಿಲ್ಲ.

ಕಚ್ಚಿದ ಮರಿಯನ್ನು ಓಡಿಸಬೇಡಿ, ಕೊಲ್ಲಬೇಡಿ. ಕಟ್ಟಿ ಹಾಕಿ ಹತ್ತು ದಿನ ಗಮನಿಸಿ. ಹತ್ತು ದಿನವೂ ಅದು ತಿಂದು ಉಂಡು ಆರೋಗ್ಯವಾಗಿದ್ದರೆ, ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗಾಣು ಇರಲಿಲ್ಲವೆಂದು ಅರ್ಥ, ಮುಂದಿನ ಸೂಜಿಗಳ ಬಗ್ಗೆ ವೈದ್ಯರು ಹೇಳುತ್ತಾರೆ. ಆದರೆ ಗಮನಿಸುತ್ತೇವೆ ಎಂದು ಲಸಿಕೆ ಶುರುಮಾಡುವುದನ್ನು ಮುಂದೂಡುವಂತಿಲ್ಲ. ರಮಳಾನಿನಲ್ಲಿ ಕಚ್ಚಿದರೆ ಇಫ್ತಾರ್‌ವರೆಗೆ ಕಾಯುವುದೂ ಬೇಡ. ಪೋಷಣೆಗಾಗಿ ಅಲ್ಲದ ಚುಚ್ಚುಮದ್ದಿನಿಂದ ಉಪವಾಸ ಮುರಿಯುವುದಿಲ್ಲ ಎಂಬುದು ಇಂದಿನ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಶುದ್ಧಿಯ ಲೆಕ್ಕ

ಕರಾವಳಿಯ ಬ್ಯಾರಿ, ನವಾಯತ್ ಮನೆಗಳಲ್ಲಿ ಹೆಚ್ಚಿನವರು ಶಾಫಿಈ ಮದ್‌ಹಬಿನವರು, ಒಳನಾಡಿನಲ್ಲಿ ಹೆಚ್ಚಿನವರು ಹನಫಿಗಳು. ನಾಯಿಯ ವಿಷಯದಲ್ಲಿ ಎರಡೂ ಕಡೆ ಜೊಲ್ಲು ನಜಸ್ ಎಂಬುದರಲ್ಲಿ ಭೇದವಿಲ್ಲ. ಶಾಫಿಈಯಲ್ಲಿ ಒದ್ದೆಯಿದ್ದಾಗ ನಾಯಿಯ ಮೈ ತಾಗಿದರೂ ಏಳು ಸಲ, ಒಂದು ಸಲ ಮಣ್ಣಿನೊಂದಿಗೆ ತೊಳೆಯಬೇಕು. ಹನಫಿಯಲ್ಲಿ ಒಣ ಕೂದಲು ತಾಗಿದ್ದು ನಜಸ್ ಅಲ್ಲ, ಜೊಲ್ಲು ತಾಗಿದ ಪಾತ್ರೆಯನ್ನು ಮೂರು ಸಲ ತೊಳೆದರೆ ಸಾಕು ಎನ್ನುತ್ತಾರೆ, ಏಳು ಸಲ ಉತ್ತಮ. ಒಣಗಿದ ನಾಯಿ ಒಣ ಬಟ್ಟೆಗೆ ಸೋಕಿದರೆ ಶಾಫಿಈಯಲ್ಲೂ ನಜಸ್ ಅಂಟುವುದಿಲ್ಲ. ನಾಯಿಯನ್ನು ಮುಟ್ಟಿದರೆ ವುಝೂ ಮುರಿಯುತ್ತದೆ ಎಂಬುದೂ ತಪ್ಪು ಕಲ್ಪನೆ, ತಾಗಿದ ಜಾಗವನ್ನು ಶುದ್ಧ ಮಾಡಿದರಾಯಿತು. ಇಷ್ಟು ತಿಳಿದರೆ ಅರ್ಧ ಗಲಿಬಿಲಿ ಕಡಿಮೆಯಾಗುತ್ತದೆ.

ಉಳಿದರ್ಧವನ್ನು ವ್ಯವಸ್ಥೆಯಿಂದ ಸರಿಪಡಿಸಬಹುದು. ಮರಿಯ ಗೂಡು ಬಾವಿಕಟ್ಟೆಯಿಂದ, ಬಟ್ಟೆ ಒಣಗುವ ಹಗ್ಗದಿಂದ ದೂರವಿರಲಿ. ಅದರ ತಟ್ಟೆ, ನೀರಿನ ಬೋಗುಣಿ ಬೇರೆ. ಅದನ್ನು ನೋಡಿಕೊಳ್ಳುವವರಿಗೆ ಅದಕ್ಕೆಂದೇ ಒಂದು ಹಳೆಯ ಅಂಗಿ, ಒಂದು ಜೊತೆ ರಬ್ಬರ್ ಚಪ್ಪಲಿ ಹಟ್ಟಿಯ ಬಳಿಯೇ ಇರಲಿ. ನೀರಿನ ಬಕೆಟ್, ಡ್ರಮ್ ಎಲ್ಲಕ್ಕೂ ಮುಚ್ಚಳ ಬೇಕು. ಶಾಫಿಈ ಲೆಕ್ಕದಲ್ಲಿ ಎರಡು ಖುಲ್ಲತ್‌ಗಿಂತ, ಅಂದರೆ ಸುಮಾರು 200 ಲೀಟರ್‌ಗಿಂತ ಕಡಿಮೆ ನೀರಿಗೆ ನಾಯಿ ಬಾಯಿ ಹಾಕಿದರೆ ಅಷ್ಟೂ ನೀರು ನಜಸ್. ಮುಚ್ಚಳಕ್ಕೆ ಕೊಡುವ ಹಣ ಅದಕ್ಕಿಂತ ಅಗ್ಗ.

ಮೊದಲ ಕೆಲವು ವಾರ

ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬೇರ್ಪಡಿಸಿ ತರಬೇಡಿ. ಕಚ್ಚುವುದು ಎಷ್ಟು ಜೋರಾದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆಯಲ್ಲೇ. ಬೇಗ ತಂದ ಮರಿ ಹೆಚ್ಚು ಕಚ್ಚುತ್ತದೆ.

ರಾತ್ರಿಯ ಅಳು ಹಟವಲ್ಲ, ಒಂಟಿತನ. ಮಲಗಿದ ಜಾಗದಲ್ಲಿ ಗೋಣಿಚೀಲ ಹಾಸಿ, ಗಾಳಿ ಮಳೆ ಬೀಳದಂತೆ ಮರೆಮಾಡಿ, ಬಾಟಲಿಗೆ ಬೆಚ್ಚಗಿನ ನೀರು ತುಂಬಿ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಮಲಗುವ ಮುನ್ನ ಒಮ್ಮೆ ಹೊರಗೆ ಬಿಟ್ಟು ಬನ್ನಿ. ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ. ಅಳುತ್ತದೆಂದು ಹೊಡೆದರೆ ಅಳು ನಿಲ್ಲುವುದಿಲ್ಲ, ಮನುಷ್ಯರ ಕೈ ಕಂಡರೆ ಹೆದರಿ ಕಚ್ಚುವ ನಾಯಿ ತಯಾರಾಗುತ್ತದೆ.

ಎರಡು ತಿಂಗಳ ಮರಿಗೆ ಎರಡು ಮೂರು ಗಂಟೆಗಿಂತ ಹೆಚ್ಚು ಮೂತ್ರ ತಡೆಯಲು ಆಗುವುದಿಲ್ಲ. ಎದ್ದ ಕೂಡಲೇ, ತಿಂದ ಕೂಡಲೇ, ಆಡಿದ ಕೂಡಲೇ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಅಲ್ಲಿ ಮಾಡಿದರೆ ಒಂದು ಚೂರು ತಿಂಡಿ. ತಪ್ಪಿ ಜಗಲಿಯಲ್ಲಿ ಮಾಡಿದರೆ ಅದರ ಮೂತಿಯನ್ನು ಅದಕ್ಕೆ ಉಜ್ಜುವ ಅಭ್ಯಾಸ ಕೆಲವರಿಗಿದೆ. ಅದರಿಂದ ಮರಿ ಕಲಿಯುವುದು ಏನನ್ನೂ ಅಲ್ಲ, ಜಗಲಿಗೆ ಇನ್ನಷ್ಟು ನಜಸ್ ಹರಡುತ್ತದೆ ಅಷ್ಟೆ.

ಕಚ್ಚಾಟಕ್ಕೆ ಕಾರಣ ಹಾಲುಹಲ್ಲು. ಸುಮಾರು ನಾಲ್ಕನೇ ತಿಂಗಳಿಂದ ಅದರ 28 ಹಾಲುಹಲ್ಲು ಬೀಳತೊಡಗಿ, ಏಳನೇ ತಿಂಗಳ ಹೊತ್ತಿಗೆ 42 ಗಟ್ಟಿ ಹಲ್ಲು ಬಂದಿರುತ್ತವೆ. ಅಲ್ಲಿಯವರೆಗೆ ವಸಡು ತುರಿಸುತ್ತದೆ, ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಹಳೆಯ ಟವೆಲ್ಲನ್ನು ಗಂಟು ಹಾಕಿ ನೀರಲ್ಲಿ ನೆನೆಸಿ ಕೊಡಿ. ಹಳೆಯ ಚಪ್ಪಲಿ ಮಾತ್ರ ಕೊಡಬೇಡಿ. ನಿಮ್ಮ ಹಳೆಯ ಚಪ್ಪಲಿಗೂ ಮದುವೆ ಮಾತುಕತೆಗೆ ಬಂದ ನೆಂಟರ ಹೊಸ ಚಪ್ಪಲಿಗೂ ವ್ಯತ್ಯಾಸ ಅದಕ್ಕೆ ತಿಳಿಯುವುದಿಲ್ಲ. ಮರಿ ಕೈಗೆ ಬಾಯಿ ಹಾಕಿದರೆ ಕೈ ಎಳೆದು ಓಡಬಾರದು, ಓಡಿದರೆ ಆಟವೆಂದು ಅಟ್ಟಿಸಿಕೊಂಡು ಬರುತ್ತದೆ. ಮರದಂತೆ ನಿಂತು ಬಿಡುವುದನ್ನು ಮಕ್ಕಳಿಗೆ ಕಲಿಸಿ. ಐದು ವರ್ಷದೊಳಗಿನ ಮಕ್ಕಳನ್ನು ಮರಿಯೊಂದಿಗೆ ಒಂಟಿಯಾಗಿ ಬಿಡಲೇಬಾರದು.

ಊಟ ದಿನಕ್ಕೆ ಮೂರು ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಮೆತ್ತಗೆ ಬೇಯಿಸಿದ ಅನ್ನ, ಮುಳ್ಳು ತೆಗೆದ ಮೀನು, ಬೇಯಿಸಿದ ಮೊಟ್ಟೆ ಅಥವಾ ಕೋಳಿ ಆಗುತ್ತದೆ. ಉಪ್ಪು ಖಾರ ಬೇಡ. ಹಸುವಿನ ಹಾಲು ಹಲವು ಮರಿಗಳಿಗೆ ಬೇಧಿ ಮಾಡಿಸುತ್ತದೆ. ನಿನ್ನೆಯ ಬಿರಿಯಾನಿ ಸುರಿಯುವುದು ದಯೆಯಲ್ಲ. ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ನಾಶ ಮಾಡುತ್ತವೆ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸಬಹುದು, ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಈ ಮೂರೂ ಬಿರಿಯಾನಿಯಲ್ಲಿರುತ್ತವೆ.

ಆರರಿಂದ ಎಂಟು ವಾರದಲ್ಲಿ ಪಾರ್ವೊ, ಡಿಸ್ಟೆಂಪರ್ ಮುಂತಾದ ರೋಗಗಳ ಲಸಿಕೆ ಶುರುವಾಗಬೇಕು, ಮೂರು ನಾಲ್ಕು ವಾರಕ್ಕೊಮ್ಮೆ ನಾಲ್ಕು ತಿಂಗಳವರೆಗೆ ಮುಂದುವರಿಯಬೇಕು. ಮರಿ ಒಮ್ಮೆಲೇ ಊಟ ಬಿಟ್ಟು ವಾಂತಿ, ರಕ್ತ ಬೆರೆತ ನಾರುವ ಬೇಧಿ ಮಾಡಿದರೆ ಅದು ಪಾರ್ವೊ ಇರಬಹುದು, ಮರುದಿನಕ್ಕೆ ಕಾಯಬೇಡಿ. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ನಂತರ ವೈದ್ಯರು ಹೇಳಿದಂತೆ ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಆಸುಪಾಸಿನಲ್ಲಿ ಪಶುಪಾಲನಾ ಇಲಾಖೆಯ ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರಗಳು ನಡೆಯುತ್ತವೆ. ಕಾರ್ಡನ್ನು ಜೋಪಾನವಾಗಿಡಿ, ಯಾರಿಗಾದರೂ ಕಚ್ಚಿದ ದಿನ ವೈದ್ಯರು ಕೇಳುವ ಮೊದಲ ಕಾಗದ ಅದೇ.

ಹೊಟ್ಟೆಯ ಹುಳ ಮತ್ತು ಬಕ್ರೀದ್

ಹೆಚ್ಚುಕಡಿಮೆ ಎಲ್ಲ ಮರಿಗಳೂ ತಾಯಿಯ ಹೊಟ್ಟೆಯಿಂದಲೇ ಉರುಟು ಜಂತುಹುಳ ಹೊತ್ತು ಬರುತ್ತವೆ. ಮರಿಯ ಮಲದಲ್ಲಿ ಬಿದ್ದ ಮೊಟ್ಟೆಗಳು ಎರಡು ಮೂರು ವಾರ ಮಣ್ಣಿನಲ್ಲಿ ಬಲಿತ ಮೇಲೆ ಮಕ್ಕಳ ಉಗುರಿನಿಂದ ಬಾಯಿಗೆ ಹೋದರೆ ಯಕೃತ್ತು, ಶ್ವಾಸಕೋಶ, ಕೆಲವೊಮ್ಮೆ ಕಣ್ಣಿಗೂ ಹಾನಿ. ಬಲಿಯಲು ವಾರಗಳು ಬೇಕಾಗುವುದರಿಂದ ಮಲವನ್ನು ಪ್ರತಿದಿನ ಎತ್ತಿ ಹೂತರೆ ಅಪಾಯದ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧಿ ಕೊಡಿ. ಪ್ರಮಾಣ ಮರಿಯ ತೂಕದ ಮೇಲೆ, ಪಶುವೈದ್ಯರನ್ನು ಕೇಳಿಯೇ.

ಇನ್ನೊಂದು ಹುಳ ನಮ್ಮ ಹಬ್ಬಕ್ಕೇ ಸಂಬಂಧಿಸಿದ್ದು. ಉಳ್‌ಹಿಯ್ಯತ್ ಕೊಯ್ದಾಗ ಆಡು, ಕುರಿ, ಎಮ್ಮೆಗಳ ಲಿವರ್ ಅಥವಾ ಶ್ವಾಸಕೋಶದಲ್ಲಿ ಕೆಲವೊಮ್ಮೆ ಬಿಳಿಯ ನೀರುಗುಳ್ಳೆ ಕಾಣುವುದುಂಟು. ತಿನ್ನಲು ಆಗದೆಂದು ಅದನ್ನು ಕತ್ತರಿಸಿ ಅಂಗಳದಾಚೆ ಎಸೆಯುತ್ತೇವೆ, ನಾಯಿ ಬಂದು ತಿನ್ನುತ್ತದೆ, ಪುಣ್ಯ ಬಂತೆಂದುಕೊಳ್ಳುತ್ತೇವೆ. ಆ ಗುಳ್ಳೆಯಲ್ಲಿರುವುದು ಲಾಡಿಹುಳದ ಮರಿಗಳು. ನಾಯಿಯ ಕರುಳಿಗೆ ಹೋದರೆ ಒಂದೂವರೆ ತಿಂಗಳಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಹುಳಗಳಾಗಿ ಮೊಟ್ಟೆಯಿಡತೊಡಗುತ್ತವೆ. ಮೊಟ್ಟೆ ನಾಯಿಯ ಮಲದಿಂದ ಅದರ ಕೂದಲಿಗೆ, ಮಣ್ಣಿಗೆ, ತರಕಾರಿ ಸಾಲಿಗೆ, ಅಲ್ಲಿಂದ ಮಕ್ಕಳ ಬಾಯಿಗೆ. ಮಗುವಿನ ಲಿವರ್‌ನಲ್ಲಿ ಅದೇ ನೀರುಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಹೈಡಾಟಿಡ್ ಎಂದು ವೈದ್ಯರು ಹೇಳುವ ಕಾಯಿಲೆ ಇದು, ಅನೇಕರಿಗೆ ಆಪರೇಷನ್ ಬೇಕಾಗುತ್ತದೆ. ನೆನಪಿಡಿ, ಮಾಂಸ ತಿಂದು ಇದು ಬರುವುದಿಲ್ಲ, ನಾಯಿಯ ಮಲದ ಮೊಟ್ಟೆಯಿಂದಲೇ ಬರುವುದು.

ಇದನ್ನು ತಡೆಯಲು ಆಸ್ಪತ್ರೆ ಬೇಕಿಲ್ಲ, ಗುದ್ದಲಿ ಸಾಕು. ಕುರ್ಬಾನಿಯ ತ್ಯಾಜ್ಯಕ್ಕೆ ಹಿಂದಿನ ದಿನವೇ ಮೂರು ನಾಲ್ಕು ಅಡಿ ಆಳದ ಗುಂಡಿ ತೋಡಿಸಿ, ಹಾಕಿ ಮುಚ್ಚಿದ ಮೇಲೆ ನಾಯಿ ಕೆದಕದಂತೆ ಕಲ್ಲು ಹೇರಿ. ಹಸಿ ಲಿವರ್, ಶ್ವಾಸಕೋಶವನ್ನು ನಿಮ್ಮ ಮರಿಗೂ ಹಾಕಬೇಡಿ, ಬೀದಿನಾಯಿಗೂ ಹಾಕಬೇಡಿ. ಕೊಡಲೇಬೇಕೆಂದಿದ್ದರೆ ಗುಳ್ಳೆಯಿಲ್ಲದ ಭಾಗವನ್ನು ಸಣ್ಣಗೆ ಹೆಚ್ಚಿ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಚೆನ್ನಾಗಿ ಕುದಿಸಿ ಕೊಡಿ. ಲಾಡಿಹುಳಕ್ಕೆ ಬೇಕಾದ ಔಷಧಿ ಪ್ರಾಝಿಕ್ವಾಂಟೆಲ್, ಎಲ್ಲ ಜಂತುಹುಳದ ಮಾತ್ರೆಗಳಲ್ಲೂ ಅದು ಇರುವುದಿಲ್ಲ. ಮುಂದಿನ ಸಲ ಮಾತ್ರೆ ತರುವಾಗ ಆ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಬಕ್ರೀದ್ ಕಳೆದು ಒಂದು ತಿಂಗಳೊಳಗೆ ಒಮ್ಮೆ ಕೊಡಿ.